ಆಧಾರ್ ಪ್ರಕಾರ ಇಪ್ಪತ್ತೈದು

ನನಗೆ ಮೂರು ವಯಸ್ಸುಗಳಿವೆ. ಶಾಲೆಯ ಟಿ.ಸಿ. ಪ್ರಕಾರ ಇಪ್ಪತ್ತೊಂದು, ಆಧಾರ್ ಕಾರ್ಡಿನ ಪ್ರಕಾರ ಇಪ್ಪತ್ತೈದು, ಅವ್ವನ ಪ್ರಕಾರ ಇಪ್ಪತ್ಮೂರು. ಒಂದನೇ ತರಗತಿಗೆ ಸೇರಿಸುವಾಗ ಮಾಸ್ತರರು ನನ್ನ ಎತ್ತರ ನೋಡಿ ಜನ್ಮ ದಿನಾಂಕ ಬರೆದರು. ನಾನು ಗಿಡ್ಡ ಇದ್ದೆ. ಮುಂದೆ ಊರಿಗೆ ಆಧಾರ್ ಕ್ಯಾಂಪ್ ಬಂದಾಗ ಅವ್ವ, "ಈಕಿ ನಮ್ಮ ಸಂಘರತ್ನಗಿಂತ ಎರಡು ವರ್ಷ ಸಣ್ಣಾಕಿ" ಎಂದಳು. ಸಂಘರತ್ನ ಅಂದರೆ ನನ್ನ ಅಣ್ಣ. ಅವನ ವಯಸ್ಸನ್ನು ಆ ಕಂಪ್ಯೂಟರಿನವನು ಐದು ನಿಮಿಷ ಮೊದಲು ಅಂದಾಜಿನ ಮೇಲೆ ಹಾಕಿದ್ದ. ಹೀಗೆ ನಾನು ಎರಡು ಸಾವಿರದ ಇಸವಿಯ ಜನವರಿ ಒಂದರಂದು ಹುಟ್ಟಿದೆ. ನಮ್ಮ ಓಣಿಯ ಅರ್ಧ ಜನ ಹುಟ್ಟಿದ್ದು ಜನವರಿ ಒಂದಕ್ಕೆ. ಉಳಿದವರು ಜೂನ್ ಒಂದಕ್ಕೆ.

ಈ ಮೂರು ವಯಸ್ಸಿನಿಂದ ಮನೆಯಲ್ಲಿ ಯಾರಿಗೂ ತೊಂದರೆ ಇರಲಿಲ್ಲ. ಎಲ್ಲಿ ಯಾವುದು ಬೇಕೋ ಅಲ್ಲಿ ಅದನ್ನು ಹೇಳುತ್ತಿದ್ದರು. ತೊಂದರೆ ಶುರುವಾದದ್ದು ಕಂಪನಿಯ ಮಾತು ಬಂದಾಗ.

ನಾನು ಬಸವಕಲ್ಯಾಣದಲ್ಲಿ ಸಂಗಮ್ಮ ಎಂಬುವರ ರೊಟ್ಟಿ ಕೇಂದ್ರದಲ್ಲಿ ಆರು ವರ್ಷದಿಂದ ಕಡಕ್ ರೊಟ್ಟಿ ಬಡಿಯುತ್ತಿದ್ದೆ. ನಮ್ಮೂರು ಗೋರ್ಟಾದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಎಂಟನೇ ತರಗತಿಗೇ ಶಾಲೆ ಬಿಟ್ಟಿದ್ದೆ. ಕೇಂದ್ರದಲ್ಲಿ ಒಂಬತ್ತು ಜನ ಹೆಂಗಸರು ಎರಡು ಸಾಲಾಗಿ ಕೂರುತ್ತಿದ್ದೆವು. ಹಿಟ್ಟು ಒಂದೇ ಚೀಲದ್ದು, ಬಿಸಿನೀರು ಒಂದೇ ಹಂಡೆಯದು. ರೊಟ್ಟಿ ಮಾತ್ರ ಬೇರೆ ಬೇರೆ. ನಾನು ಬಡಿದು ಮುಗಿಸಿದ ಮೇಲೆ ರೊಟ್ಟಿಯನ್ನು ಒಂದು ಸುತ್ತು ತಿರುಗಿಸುತ್ತ ಕಿರುಬೆರಳಿನ ಬದಿಯಿಂದ ಅಂಚನ್ನು ಒಳಕ್ಕೆ ಒತ್ತುತ್ತೇನೆ. ಇದನ್ನು ಯಾರೂ ಕಲಿಸಲಿಲ್ಲ. ಚೀಲಕ್ಕೆ ತುಂಬುವಾಗ ಒಡೆದ ರೊಟ್ಟಿಗಳನ್ನು ನೋಡುತ್ತಿದ್ದೆ. ಬಿರುಕು ಯಾವಾಗಲೂ ಅಂಚಿನಿಂದ ಒಳಗೆ ಬಂದಿರುತ್ತಿತ್ತು. ಅಂಚು ತುಸು ದಪ್ಪ ಮಾಡಿದೆ, ಒಡೆಯುವುದು ನಿಂತಿತು. ಯಾರಿಗೂ ಹೇಳಲಿಲ್ಲ. ಯಾರೂ ಕೇಳಿರಲಿಲ್ಲ.

ಒಂದು ಶನಿವಾರ ಅನೀಲಕುಮಾರ ಎಂಬುವರು ಕೇಂದ್ರಕ್ಕೆ ಬಂದರು. ಹುಮನಾಬಾದಿನ ಔಷಧ ಕಾರ್ಖಾನೆಯೊಂದರ ಕ್ಯಾಂಟೀನ್ ಗುತ್ತಿಗೆ ಅವರದು. ಅವರ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಎರಡು ರೊಟ್ಟಿ ಇದ್ದವು. ಒಂದು ಇಡಿಯಾಗಿತ್ತು, ಒಂದು ನಾಲ್ಕು ಚೂರಾಗಿತ್ತು.

"ಅಕ್ಕೋರ, ಈ ಒಡದಿದ್ದು ಯಾರು ಬಡದಾರ ಅಂತ ಕೇಳಂಗಿಲ್ಲ. ಈ ಒಡೀಲಾರದ್ದು ಯಾರು ಬಡದಾರ ಅಷ್ಟು ಹೇಳ್ರಿ."

"ಎಲ್ಲಾ ಒಂದೇ ಅವರಿ. ಎಲ್ಲಾ ನಮ್ಮ ಕೇಂದ್ರದ್ದೇ," ಎಂದರು ಸಂಗಮ್ಮ.

"ಎಲ್ಲಾ ಒಂದೇ ಆದ್ರ ನಾ ಮಂದಿಗಿ ಅರ್ಧ ಚೀಲ ಪುಡಿ ಯಾಕ ತಿನಸಾಕತ್ತೇನಿ?"

ಅವರು ಇಡೀ ರೊಟ್ಟಿಯನ್ನು ಹಿಡಿದುಕೊಂಡು ಸಾಲಿನ ಮುಂದೆ ನಡೆದರು. ಒಬ್ಬೊಬ್ಬರ ಮುಂದೆ ಇದ್ದ ರೊಟ್ಟಿಯ ಅಂಚು ನೋಡಿದರು. ನನ್ನ ಮುಂದೆ ನಿಂತರು. ನಾನು ಹಿಟ್ಟು ನೋಡುತ್ತಿದ್ದೆ.

"ಹೆಸರೇನವಾ?"

ನಾನು ಹೇಳಲಿಲ್ಲ. ಪಕ್ಕದವಳು ಹೇಳಿದಳು. "ಪೂನಂ ಅಂತರಿ. ಬಾಯಿ ಇಲ್ಲ ಆಕಿಗಿ, ಕೈ ಅಷ್ಟೇ ಅವ."

ಅದೇ ಸಂಜೆ ಅವರು ಬಸ್ ನಿಲ್ದಾಣದಲ್ಲಿ ನನ್ನನ್ನು ಹುಡುಕಿ ಬಂದರು. "ನೋಡವಾ, ನನಗ ವಾರಕ್ಕ ಎರಡು ಸಾವಿರ ರೊಟ್ಟಿ ಬೇಕು, ಒಂದನೇ ತಾರೀಖಿನಿಂದ. ಎಲ್ಲಾ ಈ ಅಂಚಿನವೇ ಆಗಬೇಕು. ಆದ್ರ ಕಾರ್ಖಾನಿಯವರು ಮನಷ್ಯಾರ ಕಡಿಂದ ಖರೀದಿ ಮಾಡಂಗಿಲ್ಲ. ಕಂಪನಿ ಇರಬೇಕು. ನಿನ್ನ ಹೆಸರಿನ ಮ್ಯಾಲ ಒಂದು ನೋಂದಣಿ ಮಾಡಸಿ ಕಾಗದ ತಂದು ಕೊಡು. ಬರೂ ಶನಿವಾರದೊಳಗ. ಇಲ್ಲಂದ್ರ ನಾ ಬ್ಯಾರೇದವರಿಗಿ ಕೊಡ್ತೇನಿ."

ನಾನು "ಹೂಂರಿ" ಎಂದೆ. ಆ ತಿಂಗಳಲ್ಲಿ ನಾನು ಹೊರಗಿನ ಗಂಡಸಿಗೆ ಆಡಿದ ಮೊದಲ ಮಾತು ಅದು, ಕಂಡಕ್ಟರನನ್ನು ಬಿಟ್ಟರೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಅವ್ವನೂ ನಾನೂ ಕೂತರೆ ದಿನಕ್ಕೆ ಮುನ್ನೂರು ಸುಲಭ. ಅಂಚು ಒತ್ತುವುದನ್ನು ಅವ್ವನಿಗೆ ಒಂದು ದಿನದಲ್ಲಿ ಕಲಿಸಬಹುದು. ಕಡಕ್ ರೊಟ್ಟಿ ಕೆಡುವುದಿಲ್ಲ, ವಾರಕ್ಕೆ ಎರಡು ಸಲ ಸಾಗಿಸಿದರೆ ಸಾಕು. ನನಗೆ ಅದು ಬೇಕು ಅನ್ನಿಸಿತು. ಹಾಗೆ ಏನಾದರೂ ಬೇಕು ಅನ್ನಿಸಿ ಬಹಳ ದಿನವಾಗಿತ್ತು, ಆದ್ದರಿಂದ ಊರು ಬರುವ ತನಕ ಬೇರೆ ಏನೂ ಯೋಚಿಸಲಿಲ್ಲ.

ಮನೆಯಲ್ಲಿ ಹೇಳಿದೆ.

"ಮಾಡೀಯಂತ," ಎಂದಳು ಅವ್ವ. "ಮದಿವಿ ಆದ ಮ್ಯಾಲ ಮಾಡು. ಗಂಡನ ಹೆಸರಿನ ಮ್ಯಾಲ ಮಾಡು. ಚಂದ ಕಾಣ್ತದ."

ಅಪ್ಪ, "ತೊಗರಿ ರಾಶಿ ಆಗಲಿ" ಎಂದ.

"ತೊಗರಿಗೂ ರೊಟ್ಟಿಗೂ ಏನು ಸಂಬಂಧರಿ?" ಎಂದು ಅವ್ವ ಕೇಳಿದಳು.

"ಸಂಬಂಧ ಇಲ್ಲ. ರಾಶಿ ಆಗಲಿ."

ಸಂಗಮ್ಮನಿಗೆ ನಾನು ಹೇಳಿರಲಿಲ್ಲ. ಬಸ್ ನಿಲ್ದಾಣದಲ್ಲಿ ನಮ್ಮನ್ನು ನೋಡಿದವರು ಹೇಳಿದ್ದರು. ಸೋಮವಾರ ಅವರು ನನ್ನನ್ನು ಕರೆದು ಕೂರಿಸಿ, ಚಹಾ ಕೊಟ್ಟರು. ಆರು ವರ್ಷದಲ್ಲಿ ಅದೇ ಮೊದಲು.

"ನಾ ನಲವತ್ತಾರಕ್ಕ ಶುರು ಮಾಡೀನಿ ಪೂನಂ. ಅದಕ್ಕಿಂತ ಮೊದಲ ಮಾಡಿದ್ರ ಯಾರೂ ಅಂಜಂಗಿಲ್ಲ. ಹಿಟ್ಟಿನಂವ ಅಂಜಂಗಿಲ್ಲ, ಕಟಗಿಯಂವ ಅಂಜಂಗಿಲ್ಲ. ಜರಾ ಕೂದಲ ಬೆಳ್ಳಗಾಗಲಿ. ಆವಾಗ ಬಾ, ನಾನೇ ನಿಂತು ಕಂಪನಿ ತಗಸಿ ಕೊಡ್ತೇನಿ."

ಅವ್ವ ಹೇಳುವ ನನ್ನ ವಯಸ್ಸು ಹಿಡಿದರೆ ನಲವತ್ತಾರಕ್ಕೆ ಇನ್ನೂ ಇಪ್ಪತ್ಮೂರು ವರ್ಷ ಇತ್ತು. ಅನೀಲಕುಮಾರರು ಕೊಟ್ಟ ಗಡುವಿನಲ್ಲಿ ಐದು ದಿನ ಉಳಿದಿತ್ತು.

ಇದೇ ವಾರದಲ್ಲಿ ನನ್ನ ಮದುವೆಯ ಮಾತೂ ನಡೆದಿತ್ತು. ವರ ಚಿಟಗುಪ್ಪದವನು, ಹೆಸರು ಸಂತೋಷಕುಮಾರ, ಮೋಟಾರು ರಿಪೇರಿ ಅಂಗಡಿ ಇದೆ. ನೋಡಲು ಬಂದಾಗ ನಮ್ಮ ಮನೆಯ ಫ್ಯಾನು ನಿಧಾನ ತಿರುಗುವುದನ್ನು ಬಹಳ ಹೊತ್ತು ನೋಡಿ, ಕಂಡೆನ್ಸರ್ ಹೋಗಿದೆ ಎಂದಿದ್ದ. ನನ್ನ ಬಗ್ಗೆ ಏನೂ ಹೇಳಲಿಲ್ಲ. ಅವನು ನನಗೆ ಬೇಡ ಅನ್ನಿಸಲಿಲ್ಲ. ಅವನಿಗೆ ಇಪ್ಪತ್ಮೂರು ವರ್ಷ. ನನಗೆ ಇಪ್ಪತ್ತೊಂದು ಎಂದು ಅವರಿಗೆ ಹೇಳಿದ್ದರು. ಎಲ್ಲ ಸರಿಹೋಗಿತ್ತು. ಆಮೇಲೆ ವರನ ತಾಯಿ ಯಶೋದಾಬಾಯಿ ಫೋನು ಮಾಡಿ ನನ್ನ ಆಧಾರ್ ಝೆರಾಕ್ಸ್ ಕೇಳಿದರು. ಮದುವೆ ನೋಂದಣಿಗೆ ಬೇಕಂತೆ.

ಅಣ್ಣ ಆ ಕಾರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಹುಡುಗನಕಿಂತ ಹುಡುಗಿ ಎರಡು ವರ್ಷ ದೊಡ್ಡಾಕಿ ಆಗ್ತಾಳ. ಇದನ್ನ ಟಿ.ಸಿ. ಪ್ರಕಾರ ತಿದ್ದಸಬೇಕು. ಜನ್ಮ ತಾರೀಖು ಒಮ್ಮೆ ತಿದ್ದಾಕ ಬಿಡ್ತಾರ."

"ಅಣ್ಣಾ, ಕಂಪನಿ?" ಎಂದೆ.

"ಎರಡೂ ಒಂದೇ ದಿನ ಆಗ್ತಾವ. ಶುಕ್ರವಾರ ಹುಮನಾಬಾದಿಗಿ ಹೋಗೂಣು. ಅಲ್ಲಿ ಬಸ್‌ಸ್ಟ್ಯಾಂಡ್ ಬಾಜೂಕ ಎಲ್ಲಾ ಮಾಡೂ ಅಂಗಡಿ ಅದ."

ಅಣ್ಣ ಕೆಟ್ಟವನಲ್ಲ. ನನ್ನ ಮದುವೆಗೆಂದು ಎರಡು ವರ್ಷದಿಂದ ಊರೂರು ತಿರುಗಿದ್ದಾನೆ. ಅವನು ಒಂದೇ ದಿನ ಎರಡೂ ಆಗುತ್ತವೆ ಎಂದರೆ, ಆಗುತ್ತವೆ ಎಂದೇ ನಂಬಿರುತ್ತಾನೆ.

ಆ ಅಂಗಡಿಯನ್ನು ನಡೆಸುವವರು ತಹಸೀನ್ ಎಂಬ ಹೆಂಗಸು. ಒಂದು ಕಂಪ್ಯೂಟರ್, ಒಂದು ಬೆರಳೊತ್ತುವ ಯಂತ್ರ, ಒಂದು ಝೆರಾಕ್ಸ್, ಗೋಡೆಯ ಮೇಲೆ ಪಾಸ್‌ಪೋರ್ಟ್ ಫೋಟೋಗೆ ನೀಲಿ ಪರದೆ. ನಾವು ಹೋದಾಗ ಅವರು ಒಬ್ಬ ಮುದುಕನಿಗೆ, ನೀವು ಬದುಕಿದ್ದೀರಿ ಎಂಬ ಸರ್ಟಿಫಿಕೇಟು ಮುಂದಿನ ತಿಂಗಳು ಮತ್ತೆ ಬೇಕಾಗುವುದಿಲ್ಲ, ವರ್ಷಕ್ಕೊಮ್ಮೆ ಸಾಕು ಎಂದು ತಿಳಿಸಿ ಹೇಳುತ್ತಿದ್ದರು. ಆಮೇಲೆ ನಮ್ಮ ಕಡೆ ತಿರುಗಿದರು.

ಅಣ್ಣ ಎರಡೂ ಕೆಲಸ ಹೇಳಿದ.

"ಎರಡೂ ಒಂದೇ ದಿನ ಆಗಂಗಿಲ್ಲ ಭಾಯಿ," ಎಂದರು ತಹಸೀನ್. "ಆಧಾರ್ ತಿದ್ದಾಕ ಹಾಕಿದ್ರ ಪ್ಯಾನ್ ಕಾರ್ಡಿಗಿ ಹೊಂದಂಗಿಲ್ಲ. ಅದನ್ನೂ ತಿದ್ದಬೇಕು, ಬ್ಯಾಂಕಿನ್ಯಾಗೂ ತಿದ್ದಬೇಕು. ತಿಂಗಳ ಮ್ಯಾಲ ಹಿಡೀತದ. ಕಂಪನಿ ಆಮ್ಯಾಲ. ಇಲ್ಲಾ ಕಂಪನಿ ಈಗ ಮಾಡ್ರಿ, ಈ ಹಳೀ ತಾರೀಖಿನ ಮ್ಯಾಲೇ. ಆದ್ರ ಆಮ್ಯಾಲ ತಿದ್ದಿದ್ರ ಕಂಪನಿ ಕಾಗದಾನೂ ಹೊಳ್ಳಿ ಮಾಡಬೇಕು. ಯಾವುದು ಮೊದಲ?"

"ತಿದ್ದೂದು," ಎಂದ ಅಣ್ಣ.

"ತಂಗಿ, ಹೆಬ್ಬೆಟ್ಟು ಇಡು."

ಇಟ್ಟೆ. ಯಂತ್ರದಲ್ಲಿ ಕೆಂಪು ದೀಪ ಬಂತು. ಒರೆಸಿ ಇಟ್ಟೆ. ಕೆಂಪು. ಬೇರೆ ಬೆರಳು ಇಟ್ಟೆ. ಹತ್ತೂ ಬೆರಳು ಇಟ್ಟೆ. ತಹಸೀನ್ ನನ್ನ ಕೈಯನ್ನು ಹಿಡಿದು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದರು.

"ಏನ್ ಕೆಲಸ ಮಾಡ್ತಿ?"

"ರೊಟ್ಟಿ ಬಡೀತೇನ್ರಿ."

"ಗೆರಿನೇ ಇಲ್ಲಲ್ಲ. ಎಲ್ಲಾ ಹಂಚಿನ ಮ್ಯಾಲೇ ಬಿಟ್ಟು ಬಂದೀದಿ." ಅವರು ಅಣ್ಣನಿಗೆ ಹೇಳಿದರು, "ಕಣ್ಣಿನ ಮಶೀನ್ ರಿಪೇರಿಗಿ ಹೋಗ್ಯದ, ಇಲ್ಲಂದ್ರ ಅದರ ಮ್ಯಾಲೇ ಮಾಡ್ತಿದ್ದೆ. ಎಂಟು ದಿನ ಈಕಿ ರೊಟ್ಟಿ ಮುಟ್ಟೂದು ಬ್ಯಾಡ. ಕೊಬ್ಬರಿ ಎಣ್ಣಿ ಹಚ್ಚಲಿ. ಗೆರಿ ಬರ್ತಾವ. ಆವಾಗ ಕರಕೊಂಡು ಬರ್ರಿ."

"ಆಯ್ತರಿ. ರೊಟ್ಟಿ ಬಿಡ್ತಾಳ," ಎಂದ ಅಣ್ಣ.

ನಾನು ನನ್ನ ಬೆರಳು ನೋಡಿಕೊಂಡೆ. ಎಂಟು ದಿನ ರೊಟ್ಟಿ ಬಿಟ್ಟರೆ ನನಗೆ ಇಪ್ಪತ್ತೊಂದು ವರ್ಷ ಆಗುತ್ತದೆ. ಬಿಡದಿದ್ದರೆ ಇಪ್ಪತ್ತೈದೇ ಉಳಿಯುತ್ತದೆ. ಎಂಟು ದಿನ ಕಳೆದರೆ ತಿದ್ದಲು ಒಂದು ತಿಂಗಳು, ಆಮೇಲೆ ಮದುವೆ, ಆಮೇಲೆ ಚಿಟಗುಪ್ಪ. ನಾಳೆ ಶನಿವಾರ.

"ಕಂಪನಿಗಿ ಬೆರಳು ಬೇಕೇನ್ರಿ?" ಎಂದು ಕೇಳಿದೆ.

ತಹಸೀನ್‌ಗೆ ಕೇಳಿಸಲಿಲ್ಲ. ನಾನು ಅದನ್ನು ಮೇಜಿಗೆ ಹೇಳಿದ್ದೆ. ತಲೆ ಎತ್ತಿ ಇನ್ನೊಮ್ಮೆ ಕೇಳಿದೆ.

"ಬ್ಯಾಡ. ಅದಕ್ಕ ಓಟಿಪಿ ಸಾಕು. ಆಧಾರಿಗಿ ಯಾರ ಮೊಬೈಲ್ ನಂಬರ್ ಜೋಡಸ್ಯದ?"

"ನಂದ್ರಿ," ಎಂದ ಅಣ್ಣ. "ಪೂನಂ, ಹುಚ್ಚಿ ಹಂಗ ಮಾಡಬ್ಯಾಡ. ಇಪ್ಪತ್ತೈದು ಅಂತ ಪಕ್ಕಾ ಆಗಿಬಿಡ್ತದ. ಸಂಬಂಧ ತಪ್ಪತದ."

"ಅಕ್ಕೋರ, ಕಂಪನಿ ಮಾಡ್ರಿ."

ತಹಸೀನ್ ಅಣ್ಣನನ್ನು ನೋಡಿದರು, ನನ್ನನ್ನು ನೋಡಿದರು. "ಕಾರ್ಡ್ ಯಾರದು?"

"ನಂದ್ರಿ."

"ಹಂಗಾದ್ರ ನೀ ಹೇಳು." ಅವರು ಟೈಪು ಮಾಡತೊಡಗಿದರು. "ಕಂಪನಿ ಹೆಸರು?"

ಅದನ್ನು ನಾನು ಯೋಚಿಸಿರಲಿಲ್ಲ. "ಪೂನಂ ಕಡಕ್ ರೊಟ್ಟಿ" ಎಂದೆ.

"ಜನ್ಮ ತಾರೀಖು ಒಂದು, ಒಂದು, ಎರಡು ಸಾವಿರ. ಬರಾಬರ್?"

"ಬರಾಬರ್‌ರಿ."

ಮೇಜಿನ ಮೇಲಿದ್ದ ಅಣ್ಣನ ಮೊಬೈಲು ಸದ್ದು ಮಾಡಿತು. ಅವನು ಅದನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬಿನ ಮೇಲೆ ಕೈ ಇಟ್ಟುಕೊಂಡ.

"ಓಟಿಪಿ ಹೇಳ್ರಿ ಭಾಯಿ."

"ಹೇಳಂಗಿಲ್ಲ."

"ಹತ್ತು ನಿಮಿಷ ಟೈಮ್ ಅದ. ನೀವು ಅಣ್ಣ-ತಂಗಿ ಮಾತಾಡ್ಕೋರಿ," ಎಂದು ತಹಸೀನ್ ಇನ್ನೊಬ್ಬರ ಝೆರಾಕ್ಸ್ ತೆಗೆಯಲು ಎದ್ದರು.

ಅಣ್ಣ ಮೊಬೈಲನ್ನು ಎತ್ತುವ ಮೊದಲು ಅದು ನನ್ನ ಎದುರಿಗೇ ಇತ್ತು. ತಲೆಕೆಳಗಾಗಿ ಇತ್ತು, ಆದರೆ ಅಕ್ಷರಕ್ಕಿಂತ ಅಂಕಿ ತಲೆಕೆಳಗಾಗಿ ಓದುವುದು ಸುಲಭ.

"ನಾಲ್ಕು, ಒಂದು, ಏಳು, ಸೊನ್ನಿ, ಎರಡು, ಎರಡು," ಎಂದೆ.

ತಹಸೀನ್ ನಿಂತಲ್ಲಿಂದಲೇ ಬಗ್ಗಿ ಒತ್ತಿದರು. ಅಣ್ಣ ಜೇಬಿನಿಂದ ಮೊಬೈಲು ತೆಗೆದು, ನಾನು ಹೇಳಿದ್ದು ಸರಿ ಇದೆಯೋ ಎಂದು ನೋಡಿದ. ಸರಿ ಇತ್ತು.

ಪ್ರಿಂಟರಿನಿಂದ ಒಂದು ಹಾಳೆ ಬಂತು. ಮಾಲೀಕರು ಎಂಬ ಕಡೆ ನನ್ನ ಹೆಸರಿತ್ತು. ಅದರದೂ ಆಧಾರಿನದೂ ಎರಡೆರಡು ಝೆರಾಕ್ಸ್ ತೆಗೆಸಿದೆವು. ದುಡ್ಡು ಅಣ್ಣನೇ ಕೊಟ್ಟ. ಆಟೋದಲ್ಲಿ ಕಾರ್ಖಾನೆಯ ಗೇಟಿಗೆ ಹೋಗಿ ಅನೀಲಕುಮಾರರನ್ನು ಕರೆಸಿದೆವು. ಅವರು ಊಟದ ಕೈಯಲ್ಲೇ ಬಂದು, ಎಡಗೈಯಿಂದ ಕಾಗದ, ಆಧಾರ್ ಝೆರಾಕ್ಸ್ ತೆಗೆದುಕೊಂಡು ಓದಿದರು. ರೊಟ್ಟಿಗೆ ಆರು ರೂಪಾಯಿ ಎಂದು ನಾನು ಹೇಳಿದೆ, ಅವರು ಒಪ್ಪಿದರು.

"ಇಪ್ಪತ್ತೈದೇನು ನಿಂದು? ನಾ ಹದಿನೆಂಟು ಅಂದ್ಕೊಂಡಿದ್ದೆ. ಚೊಲೋ ಆಯ್ತು. ಒಂದನೇ ತಾರೀಖು, ಹತ್ತು ಗಂಟಿ ಒಳಗ."

ವಾಪಸು ಬರುವಾಗ, ಬಸ್ಸು ರಾಜೇಶ್ವರ ಊರು ದಾಟುವ ತನಕ ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದ. ಆಮೇಲೆ ಕೇಳಿದ, "ನೀ ಯಾವಾಗಿಂದ ಹಿಂಗ ಮಾತಾಡಾಕತ್ತೀದಿ?"

"ಇವತ್ತಿಂದ."

ಅವನು ಮತ್ತೆ ಕಿಟಕಿಯ ಹೊರಗೆ ನೋಡಿದ. ನನಗೆ ಕಿಟಕಿ ಸಿಕ್ಕಿರಲಿಲ್ಲ.

ಆಧಾರ್ ಝೆರಾಕ್ಸನ್ನು ಚಿಟಗುಪ್ಪಕ್ಕೆ ಕಳಿಸುವ ಕೆಲಸ ಉಳಿದಿತ್ತು. ಏನಾದರೂ ನೆಪ ಹೇಳಿ ಒಂದು ತಿಂಗಳು ತಳ್ಳೋಣ ಎಂದ ಅಣ್ಣ. ಅಪ್ಪ ರಾಶಿಯ ಮಾತು ಎತ್ತಿದ. ಅವ್ವ ಮಾತ್ರ, "ಮುಚ್ಚಿಟ್ಟು ಮಗಳನ್ನ ಕೊಟ್ರ ನಾಳೆ ಆಕಿ ಅಲ್ಲಿ ತಲಿ ಎತ್ತಬಾರದೇನು?" ಎಂದು ಯಶೋದಾಬಾಯಿಗೆ ಫೋನು ಮಾಡಿಸಿದಳು. ಇಪ್ಪತ್ತೈದು ಎಂದಳು, ಕಂಪನಿ ಎಂದಳು. ಅವರು, ಭಾನುವಾರ ಬರುತ್ತೇನೆ ಎಂದರು.

ಯಶೋದಾಬಾಯಿ ಒಬ್ಬರೇ ಬಂದರು. ದೊಡ್ಡ ಆಳು, ದೊಡ್ಡ ಧ್ವನಿ. ಅವ್ವ ಅವರ ಮುಂದೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇಟ್ಟಳು. ಅವರು ತಿನ್ನುವ ಮೊದಲು ಝೆರಾಕ್ಸ್ ಕೇಳಿದರು. ಅದನ್ನು ದೂರ ಹಿಡಿದು ಓದಿದರು.

"ಖರೇ ಎಷ್ಟು ಈಕಿಗಿ?"

"ಇಪ್ಪತ್ಮೂರ್‌ರಿ," ಎಂದಳು ಅವ್ವ. "ನನ್ನ ಹೊಟ್ಟ್ಯಾಗ ಹುಟ್ಟಿದಾಕಿ, ನನಗ ಗೊತ್ತಿಲ್ಲೇನು?"

"ನಿಮಗ ಗೊತ್ತದ. ನಮ್ಮ ಮಂದಿ ಕಾಗದ ನೋಡ್ತಾರ. ಸೊಸಿ ದೊಡ್ಡಾಕಿ, ಮಗ ಸಣ್ಣಾಂವ ಅಂತಾರ." ಅವರು ನನ್ನ ಕಡೆ ತಿರುಗಿದರು. "ಹುಡುಗಿ ಚೊಲೋ ಅದಾಳ ಅಂತ ನಾ ಮನ್ಯಾಗ ಹೇಳೀನಿ. ನಮ್ಮ ಸಂತೋಷನೂ ಹೂಂ ಅಂದಾನ. ಪೂನಂ, ಒಂದು ಕೆಲಸ ಮಾಡು. ಆ ತಾರೀಖು ತಿದ್ದಸು. ಕಂಪನಿ ಗಿಂಪನಿ ಈಗೇನು ಅವಸರ? ಎರಡು ಮಕ್ಕಳಾಗಲಿ, ಅವು ಸಾಲಿಗಿ ಹೋಗಲಿ. ಆಮ್ಯಾಲ ಮನ್ಯಾಗ ಕೂತು ಏನರ ಮಾಡು, ನಾ ಬ್ಯಾಡ ಅನ್ನಂಗಿಲ್ಲ."

ಎಲ್ಲರೂ ನನ್ನನ್ನು ನೋಡಿದರು. ಅಣ್ಣ ಕೂಡ ನೋಡಿದ, ನಾನು ಏನು ಹೇಳುತ್ತೇನೆ ಎಂಬುದು ಅವನಿಗೆ ಗೊತ್ತಿದ್ದಂತಿತ್ತು.

"ತಿದ್ದಸಬೇಕಂದ್ರ ಎಂಟು ದಿನ ರೊಟ್ಟಿ ಬಿಡಬೇಕ್ರಿ, ಅತ್ತಿ. ಒಂದನೇ ತಾರೀಖಿಗಿ ರೊಟ್ಟಿ ಹೋಗಬೇಕು."

"ಹಂಗಂದ್ರ?"

"ತಿದ್ದಸಂಗಿಲ್ರಿ."

ಅವರು ತಟ್ಟೆ ಹತ್ತಿರ ಎಳೆದುಕೊಂಡು ರೊಟ್ಟಿ ಮುರಿಯಲು ನೋಡಿದರು. ಮುರಿಯಲು ಎರಡು ಕೈ ಬೇಕಾಯಿತು. ಎರಡು ರೊಟ್ಟಿ ತಿಂದು, ಮೂರನೆಯದನ್ನು ಕೇಳಿ ಹಾಕಿಸಿಕೊಂಡರು.

"ಸಂಬಂಧ ಆಗಂಗಿಲ್ಲ ಅಂಬುಬಾಯಿ," ಎಂದು ಅವ್ವನಿಗೆ ಹೇಳಿದರು. "ಮನಸ್ಸಿಗಿ ಹಚ್ಕೋಬ್ಯಾಡ್ರಿ. ರೊಟ್ಟಿ ಭಾಳ ಚಂದ ಆಗ್ಯಾವ. ಒಂದು ಹತ್ತು ಕಟ್ರಿ, ನಮ್ಮವರಿಗಿ ಒಯ್ತೇನಿ."

ಅವ್ವ ಕಣ್ಣು ಒರೆಸಿಕೊಂಡು ಒಳಗೆ ಹೋಗಲು ಎದ್ದಳು. ನಾನು ಮೊದಲೇ ಎದ್ದಿದ್ದೆ. ಹತ್ತು ರೊಟ್ಟಿ ಎಣಿಸಿ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಅವರ ಮುಂದೆ ಇಟ್ಟೆ.

"ಎಂಬತ್ತು ರೂಪಾಯಿರಿ," ಎಂದೆ.

"ಅಯ್ಯ ಪೂನಂ!" ಎಂದಳು ಅವ್ವ.

ಯಶೋದಾಬಾಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಮದುವೆಗೆಂದು ನೋಡಲು ಬಂದಾಗಲೂ ಅಷ್ಟು ಸರಿಯಾಗಿ ನೋಡಿರಲಿಲ್ಲ. "ಕಲ್ಯಾಣದಾಗ ಆರು ರೂಪಾಯಿಗಿ ಒಂದು ಸಿಗ್ತದಲ್ಲ?"

"ಅವು ಚಿಟಗುಪ್ಪಾಕ ಮುಟ್ಟೂದ್ರಾಗ ಒಡೀತಾವರಿ."

ಅವರು ರವಿಕೆಯೊಳಗಿಂದ ಪರ್ಸು ತೆಗೆದು, ನೂರರ ನೋಟು ಕೊಟ್ಟು, ಇಪ್ಪತ್ತು ವಾಪಸು ಬರುವ ತನಕ ಕೈ ಚಾಚಿಕೊಂಡೇ ಕೂತಿದ್ದರು. ಅಣ್ಣ ಅವರನ್ನು ಬಸ್ಸಿನ ತನಕ ಬಿಟ್ಟು ಬರಲು ಹೋದ.

ಅವ್ವ ಬಾಗಿಲಲ್ಲಿ ನಿಂತು ಒಂದಿಷ್ಟು ಅತ್ತಳು. ನಾನು ಯಶೋದಾಬಾಯಿಯ ತಟ್ಟೆ ತೊಳೆದಿಟ್ಟು ಕೂತೆ. ಆಮೇಲೆ ಅವಳು ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತಳು.

"ಕ್ಯಾಂಟೀನಿಗಿ ಆರು ಹೇಳೀದಿ. ಅವರಿಗಿ ಎಂಟು ಯಾಕ ಹೇಳಿದಿ?"

"ಅವರು ಹತ್ತೇ ತಗೊಂಡ್ರಲ್ಲವ್ವ," ಎಂದೆ.